ಸಲಿಕೆ ವಾಲ್ಮೈ ಮತ್ತು ಮೇಯರ್ ಹೆಬ್ಬಾವು

ಯಾರಬೂಲ್ ಊರಿನಲ್ಲಿ ವಾಲ್ಮೈ ಪ್ರಾಸರ್ ಎಂದರೆ ಯಾರೆಂದು ತಲೆ ಕೆರೆದುಕೊಳ್ಳುವವರು ಇದ್ದಾರು. ಸಲಿಕೆ ವಾಲ್ಮೈ ಎಂದರೆ ಕೈ ಹಿಡಿದು ಮನೆ ಬಾಗಿಲಿಗೇ ಬಿಟ್ಟು ಬರುತ್ತಾರೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ನಾಜೂಕಿನ ಗಾದೆ ಆಕೆಯ ಹಿತ್ತಿಲಲ್ಲಿ ನಡೆಯುವುದಿಲ್ಲ. ಅಲ್ಲಿ ಹಾವೂ ಸತ್ತಿದೆ, ಸಲಿಕೆಯ ಹಿಡಿಯೂ ಮುರಿದಿದೆ, ಒಮ್ಮೆ ಪಕ್ಕದ ಮನೆಯ ನೀರಿನ ಕೊಳವೆಯೂ ಒಡೆದಿದೆ. ಹಾವು ಕೊಲ್ಲುವುದು ಅಪರಾಧ, ದಂಡ ಬೀಳುತ್ತದೆ ಎಂದು ಹೊಸದಾಗಿ ಬಂದ ಪೊಲೀಸಿನವನೊಬ್ಬ ಬುದ್ಧಿ ಹೇಳಲು ಬಂದಿದ್ದ. ಮರುವಾರವೇ ಅವನ ಹೆಂಡತಿ ಫೋನು ಮಾಡಿ, ಬಚ್ಚಲಲ್ಲಿ ಕಂದು ಹಾವು ತಲೆ ಎತ್ತಿ ನಿಂತಿದೆ, ಸಲಿಕೆ ತಗೊಂಡು ಬೇಗ ಬಾ ಎಂದು ಅತ್ತಳು. ಆಮೇಲೆ ಅವನು ಕಾನೂನಿನ ಮಾತು ಎತ್ತಲಿಲ್ಲ.

ಕುರಿಯ ತುಪ್ಪಟ ಕತ್ತರಿಸಲು ಊರೂರು ತಿರುಗುವ ಗುಂಪುಗಳಿಗೆ ವಾಲ್ಮೈ ಅರ್ಧ ಆಯುಷ್ಯ ಅಡುಗೆ ಮಾಡಿ ಹಾಕಿದವಳು. ಉಪ್ಪು ಕಡಿಮೆ ಎಂದವನ ತಟ್ಟೆಗೆ ಉಪ್ಪಿನ ಡಬ್ಬಿಯನ್ನೇ ಮಗುಚಿದವಳು. ಬಾಯಿಯಂತೂ ಬೊಂಬಾಯಿ. ಇಷ್ಟೆಲ್ಲ ಇದ್ದೂ, ನಿಜ ಹೇಳಬೇಕೆಂದರೆ, ಆಕೆಗೆ ಹಾವೆಂದರೆ ಜೀವ ಬಾಯಿಗೆ ಬರುತ್ತಿತ್ತು. ಧೈರ್ಯವಿದ್ದವರು ಹಾವನ್ನು ಅದರ ಪಾಡಿಗೆ ಹೋಗಲು ಬಿಡುತ್ತಾರೆ. ಸಲಿಕೆ ಬೀಸುವವರು ಹೆದರಿದವರೇ. ಇದು ಊರಿಗೆ ಗೊತ್ತಿರಲಿಲ್ಲ, ಆಕೆಗೆ ಚೆನ್ನಾಗಿ ಗೊತ್ತಿತ್ತು.

ಇಂಥವಳ ಮನೆಯಲ್ಲಿ ಹೆಬ್ಬಾವೊಂದು ಹತ್ತು ವರ್ಷ ತಿಂದುಂಡು ಬೆಳೆದದ್ದು ಮೊಮ್ಮಗಳು ಬ್ರೈಡಿಯ ದೆಸೆಯಿಂದ. ಬ್ರೈಡಿಯ ತಾಯಿ ಈಜುಕೊಳ ಕಟ್ಟಿಸಿಕೊಡುವ ಒಬ್ಬನ ಜೊತೆ ಸಮುದ್ರದ ಕಡೆಗೆ ಹೊರಟುಹೋದಳು. ಈಜುಕೊಳ ಇರಲಿ, ಕುಡಿಯುವ ನೀರಿಗೂ ಮೋಡ ನೋಡುವ ನಮ್ಮೂರಿಗೆ ಅವನು ಯಾಕೆ ಬಂದಿದ್ದನೋ ದೇವರಿಗೇ ಗೊತ್ತು. ತಂದೆ ಡಾರಿಲ್ ಉದ್ದನೆಯ ಲಾರಿ ಓಡಿಸುವವನು, ಮನೆಗೆ ಬರುವುದು ಹುಣ್ಣಿಮೆಗೋ ಅಮಾವಾಸ್ಯೆಗೋ. ಹಾಗಾಗಿ ಹುಡುಗಿ ಅಜ್ಜಿಯ ಪಾಲಿಗೆ ಬಂತು. ಆ ವರ್ಷ ಹುಟ್ಟುಹಬ್ಬಕ್ಕೆ ಏನು ಬೇಕೆಂದು ಡಾರಿಲ್ ಕೇಳಿದ. ಹೆಂಡತಿ ಹೋದ ಗಂಡಸು ಮಗಳಿಗೆ ಇಲ್ಲ ಎನ್ನಲಾರ. ಡಬ್ಬೊ ಪಟ್ಟಣದ ಸರೀಸೃಪಗಳ ಮೇಳಕ್ಕೆ ಕರೆದುಕೊಂಡು ಹೋದವನು ಬೂಟಿನ ದಾರದಷ್ಟು ದಪ್ಪದ ಒಂದು ಹೆಬ್ಬಾವಿನ ಮರಿಯನ್ನು ಡಬ್ಬಿಯಲ್ಲಿ ಹಾಕಿಸಿಕೊಂಡು ಬಂದ.

"ಬೀದೀಲಿ ಹೋಗೋ ಮಾರೀನ ಮನೆಗೆ ಕರ್ಕೊಂಡ್ ಬಂದ್ಯಲ್ಲೋ," ಎಂದಳು ವಾಲ್ಮೈ.

"ವಿಷ ಇಲ್ಲಮ್ಮ ಅದಕ್ಕೆ."

"ನಿನ್ ಹೆಂಡ್ತಿಗೂ ಇರ್ಲಿಲ್ಲ."

ಕಡೆಗೆ ಒಂದು ಕರಾರಾಯಿತು. ಹಿಂದಿನ ಜಾಲರಿ ಜಗಲಿಯಲ್ಲಿ ಹಾವು ಇರಬಹುದು. ಬಟ್ಟೆ ಒಗೆಯುವ ಕೋಣೆಯ ಹೊಸಿಲು ದಾಟಿ ಮನೆಯೊಳಗೆ ಬರಕೂಡದು. "ದಾಟಿದ ದಿನ ಒಂದೋ ಅದಿರಲ್ಲ, ಇಲ್ಲಾ ನಾನಿರಲ್ಲ. ನಾನಂತೂ ಎಲ್ಲೂ ಹೋಗೋಳಲ್ಲ," ಎಂದು ವಾಲ್ಮೈ ಸಲಿಕೆಯನ್ನು ಆ ಹೊಸಿಲಿನ ಪಕ್ಕಕ್ಕೇ ಒರಗಿಸಿದಳು.

ಅದನ್ನು ಆಕೆ ಸಹಿಸಿಕೊಂಡದ್ದಕ್ಕೆ ಕಾರಣವಿತ್ತು. ತಾಯಿ ಹೋದ ಮೇಲೆ ಬ್ರೈಡಿ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಒಂದು ದಿನ ವಾಲ್ಮೈ ಬಟ್ಟೆ ಹಿಂಡುತ್ತಿದ್ದಾಗ ಗೋಡೆಯಾಚೆ ದನಿ ಕೇಳಿಸಿತು. ಹುಡುಗಿ ಹಾವಿನ ಪೆಟ್ಟಿಗೆಯ ಮುಂದೆ ಕೂತು ಶಾಲೆಯಲ್ಲಿ ನಡೆದದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸುತ್ತಿದ್ದಳು. ವಾಲ್ಮೈ ಒದ್ದೆ ಬಟ್ಟೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು. ಅವತ್ತಿನಿಂದ ಹಾವಿಗೆ ಹಾಲೆರೆಯುವವರನ್ನು ಬೈಯುವುದು ಬಿಟ್ಟಳು.

ಹಾವು ಬೆಳೆದು ಎರಡು ಮಾರಾಯಿತು. ಬ್ರೈಡಿ ಅದಕ್ಕೆ ಮೇಯರ್ ಎಂದು ಹೆಸರಿಟ್ಟಳು. ಹದಿನೈದು ದಿನಕ್ಕೊಮ್ಮೆ ಇಡೀ ಇಲಿಯನ್ನು ನುಂಗಿ, ಮಿಕ್ಕ ದಿನ ಅಲುಗಾಡದೆ ಬಿದ್ದಿರುವುದು, ಆಗಾಗ ಚರ್ಮ ಬದಲಿಸಿ ಹೊಸಬನಂತೆ ಹೊಳೆಯುವುದು, ಇವೆಲ್ಲ ನಮ್ಮೂರ ಮೇಯರನ ಲಕ್ಷಣವೇ. ಊರಿನ ಮೇಯರನಿಗೂ ಈ ವಿಷಯ ತಿಳಿದು, ಒಂದು ಚುನಾವಣೆಗೆ ಮುಂಚೆ ಬಂದು ಹಾವಿನ ಜೊತೆ ಫೋಟೋ ತೆಗೆಸಿಕೊಂಡು ಹೋದ. ಹೆಬ್ಬಾವಿನ ಹಿಂದೆಯೇ ಒಂದು ಹಾವುರಾಣಿಯೂ ಬಂತು. ಮೊಳದುದ್ದ, ಡೊಳ್ಳುಹೊಟ್ಟೆ, ಮೋಟುಗಾಲು. ಸಿಟ್ಟು ಬಂದರೆ ನೀಲಿ ನಾಲಿಗೆಯನ್ನು ಉದ್ದಕ್ಕೂ ಚಾಚಿ ಬುಸ್ಸೆನ್ನುತ್ತಿತ್ತು. ಅದರ ಹೆಸರನ್ನು ಅಜ್ಜಿಯ ಮುಂದೆ ಯಾರೂ ಹೇಳಲಿಲ್ಲ, ಅಜ್ಜಿಯೂ ಕೇಳಲಿಲ್ಲ. ಇಲಿಗಳು ಐಸ್‌ಕ್ರೀಮಿನ ಡಬ್ಬಿಯಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟಿ ಫ್ರಿಜ್ಜಿನಲ್ಲಿರುತ್ತಿದ್ದವು. ಕ್ರಿಸ್ಮಸ್ಸಿನ ದಿನ ಡಾರಿಲ್ ಕುಡಿದು ಬಂದು ವೆನಿಲ್ಲಾ ಎಂದು ಚಮಚ ಹಾಕಿದ ಮೇಲೆ ಅವನು ಆ ಮನೆಯಲ್ಲಿ ಐಸ್‌ಕ್ರೀಮ್ ಮುಟ್ಟಿದ್ದಿಲ್ಲ.

ಈ ಸಂಸಾರ ಹೀಗೇ ನಡೆಯುತ್ತಿರುವಾಗ ಬ್ರೈಡಿಗೆ ಆರ್ಮಿಡೇಲ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಲು ಸೀಟು ಸಿಕ್ಕಿತು. ಇನ್ನೇನು ಫೆಬ್ರವರಿಯಲ್ಲಿ ತರಗತಿ ಶುರು. ಹಾಸ್ಟೆಲಿನವರದು ಒಂದೇ ಪಟ್ಟು: ಬಟ್ಟಲಲ್ಲಿ ಮೀನು ಬೇಕಾದರೆ ತನ್ನಿ, ಬೇರೆ ಯಾವ ಜೀವವನ್ನೂ ತರಬೇಡಿ. ಪ್ರಾಣಿಶಾಸ್ತ್ರ ಕಲಿಸುವವರಿಗೆ ಪ್ರಾಣಿ ಕಂಡರಾಗದು. ರಾತ್ರಿ ಊಟಕ್ಕೆ ಕೂತಾಗ ಬ್ರೈಡಿ ಆಲೂಗಡ್ಡೆಯನ್ನು ತಟ್ಟೆಯಲ್ಲಿ ಆಚೆ ಈಚೆ ಉರುಳಿಸುತ್ತ ಹೇಳಿದಳು:

"ನಾನು ಒಂದು ವರ್ಷ ಬಿಟ್ಟು ಹೋಗ್ತೀನಿ. ಮೇಯರ್‌ಗೆ ಒಳ್ಳೆ ಮನೆ ಸಿಕ್ಕೋವರ್ಗೂ."

ವಾಲ್ಮೈ ಚಾಕು ಕೆಳಗಿಟ್ಟಳು. "ನನಗೂ ಸಿಡ್ನೀಲಿ ನರ್ಸಿಂಗ್ ಕಲಿಯೋಕೆ ಸೀಟ್ ಸಿಕ್ಕಿತ್ತು ಕಣೇ. ಈ ಸಲದ ತುಪ್ಪಟದ ಕೆಲಸ ಮುಗೀಲಿ, ಒಂದ್ ವರ್ಷ ಬಿಟ್ಟು ಹೋಗ್ತೀನಿ ಅಂದೆ. ಮುಂದಿನ್ ವರ್ಷ ನಿಮ್ಮಪ್ಪ ಹೊಟ್ಟೇಲಿದ್ದ. ನೋಡು, ನರ್ಸಿಂಗ್ ಬಿಟ್ಟಿದ್ದಕ್ಕೆ ಸಿಕ್ಕಿದ್ದು ಈ ಮುಖ."

"ಅಮ್ಮ, ನಾನು ಇಲ್ಲೇ ಕೂತಿದೀನಿ," ಎಂದ ಡಾರಿಲ್.

"ಅದನ್ನೇ ಹೇಳಿದ್ದು. ಇನ್ನೂ ಇಲ್ಲೇ ಕೂತಿದೀಯ."

ವಾಲ್ಮೈಗೆ ನಗು ಬರಲಿಲ್ಲ. ಯಾರಬೂಲಿನಲ್ಲಿ ಒಂದು ವರ್ಷ ಬಿಟ್ಟು ಹೋಗುತ್ತೇನೆ ಎಂದವರೆಲ್ಲ ಆಕೆಗೆ ಗೊತ್ತಿದ್ದರು. ಅವರಲ್ಲಿ ಕೆಲವರು ಸ್ಮಶಾನದಲ್ಲಿದ್ದರು, ಉಳಿದವರು ಕ್ಲಬ್ಬಿನಲ್ಲಿದ್ದರು. ಈ ಫೆಬ್ರವರಿಯಲ್ಲಿ ಹೊರಡದಿದ್ದರೆ ಹುಡುಗಿ ಎಂದೂ ಹೊರಡುವುದಿಲ್ಲ. ಆಕೆಯ ಎದೆಯಲ್ಲಿ ಕೂತ ಭಯ ಅದೊಂದೇ, ಹಾವಿನ ಭಯ ಅದರ ಮುಂದೆ ಏನೂ ಅಲ್ಲ.

ಮನೆ ಹುಡುಕುವ ಕೆಲಸ ಶುರುವಾಯಿತು. ಶಾಲೆಯ ವಿಜ್ಞಾನದ ಮೇಷ್ಟ್ರು ಪೆಟ್ಟಿಗೆಯೊಳಗೆ ಇಣುಕಿ ನೋಡಿ, ಬೆವರು ಒರೆಸಿಕೊಂಡು, ತಾನು ಮೂಲತಃ ಗಣಿತದವನು ಎಂದರು. ಕೋಳಿ ಸಾಕುವ ಪಕ್ಕದ ಮನೆಯವಳು ಬಾಗಿಲು ತೆಗೆಯಲೇ ಇಲ್ಲ.

"ನದಿ ಹತ್ರ ಬಿಟ್ಬಿಡೋಣ ಅತ್ಲಾಗೆ," ಎಂದ ಡಾರಿಲ್. "ಕಾಡಿನ ಪ್ರಾಣಿ ಕಾಡಿಗೆ."

"ಅಪ್ಪ, ಅದು ಹುಟ್ಟಿದ್ದೇ ಡಬ್ಬೀಲಿ. ಬಲ್ಬಿನ ಶಾಖ ಬಿಟ್ರೆ ಬಿಸಿಲೇ ಗೊತ್ತಿಲ್ಲ. ನಿನ್ನನ್ನ ಲಾರಿಯಿಂದ ಇಳಿಸಿ, ಹೋಗು, ಬೇಟೆ ಆಡ್ಕೊಂಡು ತಿನ್ನು ಅಂದ್ರೆ ಎಷ್ಟು ದಿನ ಬದುಕ್ತೀಯ? ಆಮೇಲೆ ಅದರ ಮೈಲಿರೋ ರೋಗ ಕಾಡಿನ ಹಾವುಗಳಿಗೆ ಅಂಟುತ್ತೆ. ಅದಕ್ಕೇ ಬಿಡಬಾರದು ಅಂತ ಕಾನೂನಿರೋದು."

ಕಡೆಗೆ ಸಿಕ್ಕವನು ಗಾವಿನ್ ಸ್ಪ್ರಾಟ್, ಹೆದ್ದಾರಿಯ ಪೆಟ್ರೋಲ್ ಬಂಕಿನ ಮಾಲೀಕ. ಸರೀಸೃಪ ಸಾಕುವ ಪರವಾನಗಿ ಅವನ ಹತ್ತಿರ ಮೊದಲೇ ಇತ್ತು. ಹಿಂದೆ ಅವನು ಸಾಕಿದ್ದ ಓತಿಕ್ಯಾತ ಗಾಜಿನ ಪೆಟ್ಟಿಗೆಯಲ್ಲಿ ಮಟಮಟ ಮಧ್ಯಾಹ್ನ ಬೆಂದು ಸತ್ತಿತ್ತು. ಮೇಯರನ್ನು ಗಲ್ಲಾಪೆಟ್ಟಿಗೆಗೂ ಕರಿದ ಆಲೂಗಡ್ಡೆಯನ್ನು ಬಿಸಿಯಾಗಿಡುವ ಗಾಜಿನ ಕಪಾಟಿಗೂ ನಡುವೆ ಇಡುತ್ತೇನೆ, ದಾರಿಹೋಕರು ಫೋಟೋ ತೆಗೆದುಕೊಳ್ಳಲಿ ಎಂಬುದು ಅವನ ಯೋಜನೆ.

"ನಿಂಗೆ ಅಷ್ಟು ಸಂಕಟ ಆದ್ರೆ ನೀನೇ ಬಂದು ನೋಡ್ಕೋ ಬ್ರೈಡಿ," ಎಂದ. "ಕೌಂಟರಲ್ಲಿ ಕೆಲಸಾನೂ ಕೊಡ್ತೀನಿ. ಹಾವೂ ಕಣ್ಮುಂದೆ ಇರುತ್ತೆ, ಸಂಬಳಾನೂ ಸಿಗುತ್ತೆ."

ಬ್ರೈಡಿ ಆಗಲ್ಲ ಎಂದಳು. ಆದರೆ ಹೇಳುವ ಮೊದಲು ಸಂಬಳ ಎಷ್ಟು ಎಂದು ಕೇಳಿದಳು. ಆ ಪ್ರಶ್ನೆ ವಾಲ್ಮೈಯ ಕಿವಿಗೆ ಬಿತ್ತು. ಹಾವು ಗಾವಿನ್‌ನ ಕೈ ಸೇರಿದರೆ ಹುಡುಗಿಯೂ ಅದರ ಹಿಂದೆಯೇ ಹೋಗಿ ಕರಿದ ಆಲೂಗಡ್ಡೆ ಕಟ್ಟಿಕೊಡುತ್ತ ಮುದುಕಿಯಾಗುತ್ತಾಳೆ ಎಂದು ಆಕೆಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು.

ಡಾರಿಲ್ ಒಳ್ಳೆಯವನೇ, ಆದರೆ ಅವನ ಬುದ್ಧಿ ಅವನ ಲಾರಿಯಂತೆ, ತಿರುಗಿಸಲು ಬಹಳ ಜಾಗ ಬೇಕು. ಯಾರನ್ನೂ ಕೇಳದೆ ಅವನು ಪ್ರಾಣಿಗಳನ್ನು ಶುಕ್ರವಾರದ ಚೀಟಿಗೆ ಇಟ್ಟುಬಿಟ್ಟ. ಯಾರಬೂಲಿನಲ್ಲಿ ಬೇಡವಾದದ್ದೆಲ್ಲ ಕೊನೆಗೆ ಸೇರುವುದು ಕ್ಲಬ್ಬಿನಲ್ಲಿ ನಡೆಯುವ ಲಾಟರಿಗೆ, ಅದೇ ಶುಕ್ರವಾರದ ಚೀಟಿಗೆ. ಸತ್ತವರ ಗಾಲಿಕುರ್ಚಿ, ಕುಂಟ ಮೇಕೆ, ಮುರಿದ ಮದುವೆಯ ಮಂಚ ಎಲ್ಲ ಹಾಗೇ ಕೈ ಬದಲಾಯಿಸಿವೆ. ಚೀಟಿಗೆ ಒಮ್ಮೆ ಇಟ್ಟದ್ದನ್ನು ವಾಪಸು ಕೇಳುವಂತಿಲ್ಲ. ಹಾಗೆ ಕೇಳಿದವರನ್ನು ಊರು ಮೂರು ತಲೆಮಾರು ಆಡಿಕೊಳ್ಳುತ್ತದೆ.

ಆಶ್ಚರ್ಯವೆಂದರೆ ಬ್ರೈಡಿ ಕೂಗಾಡಲಿಲ್ಲ. "ಇಟ್ಕೊಳ್ಲಿ ಬಿಡು," ಎಂದಳು. ಹಾವಿಗೆ ಯಾರು ಚೀಟಿ ಕೊಳ್ಳುತ್ತಾರೆ ಎಂಬ ಧೈರ್ಯ ಅವಳದು. ಯಾರೂ ಕೊಳ್ಳದಿದ್ದರೆ, ನೋಡಿ, ಎಲ್ಲ ಪ್ರಯತ್ನ ಮಾಡಿದೆ ಎಂದು ಮನೆಯಲ್ಲೇ ಉಳಿಯಬಹುದು. ವಾಲ್ಮೈಗೆ ಅದೂ ಗೊತ್ತಾಯಿತು. ಹಾವು ಬರೀ ನೆಪ. ಹೋಗಲು ಹೆದರಿಕೆ ಹುಡುಗಿಗೆ.

ಬ್ರೈಡಿಯ ಲೆಕ್ಕ ತಪ್ಪಿಸಿದವನು ಚೀಟಿ ನಡೆಸುವ ನೆವ್. ಬರೀ ಹಾವಿಟ್ಟರೆ ಚೀಟಿ ಹೋಗುವುದಿಲ್ಲ ಎಂದು ಅವನು ಹೆಬ್ಬಾವು, ಹಾವುರಾಣಿಗಳ ಜೊತೆಗೆ ವಾರವಾರವೂ ಬಹುಮಾನಕ್ಕಿಡುವ ಮಾಂಸದ ತಟ್ಟೆಯನ್ನೂ ಸೇರಿಸಿ ಒಂದೇ ಬಹುಮಾನ ಮಾಡಿದ. ಕುರಿಯ ಪಕ್ಕೆಲುಬು ಸಿಗುತ್ತದೆಂದರೆ ನಮ್ಮವರು ಯಮನ ಕೋಣವನ್ನೂ ಜೊತೆಗೆ ಹೊಡೆದುಕೊಂಡು ಹೋಗುತ್ತಾರೆ. ಆ ಶುಕ್ರವಾರ ಕ್ಲಬ್ಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನೀಲಿ ಚೀಟಿಯ ಪುಸ್ತಕವನ್ನು ಗಾವಿನ್ ಇಡಿಯಾಗಿ ಕೊಂಡುಕೊಂಡು ಬೀಸಣಿಗೆಯಂತೆ ಬೀಸಿಕೊಳ್ಳುತ್ತ ಕೂತಿದ್ದ. ಮಿಕ್ಕವರದು ಹಳದಿ, ಕೆಂಪು, ಹಸಿರು.

ಹಿಂದಿನ ವಾರ ಗೆದ್ದವರು ಈ ವಾರ ಚೀಟಿ ಎತ್ತಬೇಕು, ಆ ದಿನ ತಾವು ಕೊಳ್ಳಕೂಡದು ಎಂಬುದು ಕ್ಲಬ್ಬಿನ ಪದ್ಧತಿ. ಹಿಂದಿನ ವಾರದ ತಟ್ಟೆ ಗೆದ್ದವಳು ವಾಲ್ಮೈ. ಆಕೆ ಮುಂದಿನ ಸಾಲಿನಲ್ಲಿ ಕೈಚೀಲ ಅಪ್ಪಿಕೊಂಡು ಕೂತಿದ್ದಳು. ಮೇಜಿನ ಮೇಲೆ ಒಂದು ಕಡೆ ಮಾಂಸ, ಒಂದು ಕಡೆ ಪೆಟ್ಟಿಗೆಗಳು.

ನೆವ್ ಮೈಕನ್ನು ಬ್ರೈಡಿಯ ಕೈಗೆ ಕೊಟ್ಟ. "ಸಾಮಾನು ಎಂಥದು ಅಂತ ನೀನೇ ಹೇಳಮ್ಮ."

ಬ್ರೈಡಿ ಮೊದಲು ಹೆಬ್ಬಾವಿನ ಪೆಟ್ಟಿಗೆ ತೋರಿಸಿದಳು. "ಇದು ಮೇಯರ್. ಹದಿನೈದು ದಿನಕ್ಕೆ ಒಂದು ಇಲಿ. ಗಾಜು ಕುಟ್ಟಬಾರದು, ಹೆದರುತ್ತೆ. ಪರವಾನಗಿ ಇಲ್ಲದೋರು ಗೆದ್ರೆ, ಮಾಡಿಸ್ಕೊಳ್ಳೋವರ್ಗೂ ನನ್ ಹತ್ರಾನೇ ಇರುತ್ತೆ." ಆಮೇಲೆ ಹಾವುರಾಣಿಯ ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

"ಅದರ ಹೆಸರೇನೇ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ವಾಲ್ಮೈ," ಎಂದಳು ಬ್ರೈಡಿ.

ಕ್ಲಬ್ಬು ಮಾಡು ಹಾರಿಹೋಗುವ ಹಾಗೆ ನಕ್ಕಿತು. ಡಾರಿಲ್ ಬಿಯರ್ ಗ್ಲಾಸಿನ ಹಿಂದೆ ಮುಖ ಬಚ್ಚಿಟ್ಟುಕೊಂಡ. ವಾಲ್ಮೈ ತಿರುಗಿ ನೋಡಲಿಲ್ಲ.

"ಸಿಟ್ಟು ಜಾಸ್ತಿ," ಬ್ರೈಡಿ ಮುಂದುವರಿಸಿದಳು. "ಯಾರು ಬಂದ್ರೂ ನಾಲಿಗೆ ಚಾಚಿ ಹೆದರಿಸುತ್ತೆ. ಯಾರನ್ನೂ ಕಚ್ಚಿಲ್ಲ. ರಾತ್ರಿ ಚಳಿಯಾದ್ರೆ ನನ್ ಅಂಗೈ ಮೇಲೆ ಬಂದು ಮಲಗುತ್ತೆ. ಅದು ಇದ್ದಿದ್ರಿಂದ ನಾನು... ಅಷ್ಟೆ. ಬಾಳೆಹಣ್ಣು ಅಂದ್ರೆ ಇಷ್ಟ."

ನಗು ನಿಂತಿತ್ತು. "ವಾಲ್, ಬಾ, ಎತ್ತು," ಎಂದು ನೆವ್ ಚೀಟಿಯ ಬಕೆಟ್ಟನ್ನು ಮುಂದೆ ಹಿಡಿದ.

ವಾಲ್ಮೈ ಎದ್ದು ಹೋಗಿ ಕೈ ಹಾಕಿದಳು. ಎತ್ತಿ ನೋಡಿದಳು. ನೀಲಿ. ಗಾವಿನ್ ಕುರ್ಚಿಯಿಂದ ಅರ್ಧ ಎದ್ದಾಗಿತ್ತು. ವಾಲ್ಮೈ ಅವನನ್ನೊಮ್ಮೆ ನೋಡಿದಳು, ಬ್ರೈಡಿಯನ್ನೊಮ್ಮೆ ನೋಡಿದಳು, ಆಮೇಲೆ ಆ ಚೀಟಿಯನ್ನು ಬಾಯಿಗೆ ಹಾಕಿಕೊಂಡು ಅಗಿದಳು. ಕಾಗದ ಗಟ್ಟಿಯಿದ್ದಿರಬೇಕು, ನೆವ್‌ನ ಕೈಯಲ್ಲಿದ್ದ ಬಿಯರ್ ಕಸಿದುಕೊಂಡು ಒಂದು ಗುಟುಕು ಕುಡಿದು ನುಂಗಿದಳು.

"ನಾನೇ ಗೆದ್ದಿದ್ದು," ಎಂದಳು.

"ವಾಲ್, ನೀನು ಚೀಟೀನೇ ಕೊಂಡಿಲ್ವಲ್ಲೇ," ಎಂದ ನೆವ್.

"ಈಗ ಹೊಟ್ಟೇಲಿದೆಯಲ್ಲ. ಬೇಕಾದ್ರೆ ನಾಳೆ ಬೆಳಿಗ್ಗೆ ಬಂದು ನೋಡು."

"ಅದು ನೀಲಿ. ನಂದು ಅದು," ಎಂದು ಗಾವಿನ್ ಕೂಗಿದ. "ಇಡೀ ಊರು ನೋಡಿದೆ."

ಇಡೀ ಊರು ನೋಡಿತ್ತು, ನಿಜ. ಆದರೆ ಗಾವಿನ್ ಕೇಳಿದಾಗ ಇಡೀ ಊರು ತಂತಮ್ಮ ಗ್ಲಾಸಿನೊಳಗೆ ಏನೋ ಬಿದ್ದಿದೆ ಎಂಬಂತೆ ಇಣುಕಿ ನೋಡುತ್ತಿತ್ತು. ಪೊಲೀಸಿನವನು ಮಾತ್ರ, ತನಗೆ ಬಣ್ಣಗಳ ಪರಿಚಯ ಅಷ್ಟಾಗಿ ಇಲ್ಲ ಎಂದ. ನೆವ್ ತಲೆ ಕೆರೆದುಕೊಂಡು ತೀರ್ಪು ಕೊಟ್ಟ: ಮಾಂಸ ಗಾವಿನ್‌ಗೆ, ಪ್ರಾಣಿಗಳು ವಾಲ್ಮೈಗೆ. ತಟ್ಟೆಯ ಮೇಲಿನ ಪಕ್ಕೆಲುಬುಗಳನ್ನು ನೋಡಿ ಗಾವಿನ್‌ನ ಅರ್ಧ ಸಿಟ್ಟು ಇಳಿಯಿತು. ಉಳಿದ ಅರ್ಧ ಇವತ್ತಿಗೂ ಇದೆ, ಸಲಿಕೆ ವಾಲ್ಮೈಯ ಕಾರಿಗೆ ಅವನು ಗಾಳಿ ಹಾಕಿಕೊಡುವುದಿಲ್ಲ.

ಬ್ರೈಡಿ ಅಜ್ಜಿಯ ಎದುರು ಬಂದು ನಿಂತಳು. "ನೀನು ಹೇಗೆ ಸಾಕ್ತೀಯ? ಮೇಯರನ್ನ ಒಂದ್ಸಲಾನೂ ಮುಟ್ಟಿಲ್ಲ ನೀನು. ಪೆಟ್ಟಿಗೆ ತೊಳಿಯೋವಾಗ ಕೈಗೆ ತಗೋಬೇಕು ಅಜ್ಜಿ. ನಿಂಗಾಗಲ್ಲ. ನಾನಿರ್ತೀನಿ."

"ತೆಗಿ ಹೊರಗೆ," ಎಂದಳು ವಾಲ್ಮೈ.

ಬ್ರೈಡಿ ಮುಚ್ಚಳ ತೆಗೆದು ಹೆಬ್ಬಾವನ್ನು ಎತ್ತಿದಳು. ವಾಲ್ಮೈ ತೋಳು ಚಾಚಿದಳು. ಮೇಯರ್ ನಿಧಾನವಾಗಿ ಆಕೆಯ ಮುಂಗೈಗೆ ಸುತ್ತಿಕೊಂಡ, ಮೊಣಕೈ ದಾಟಿದ, ಬೆಚ್ಚಗಿನ ಜಾಗ ಹುಡುಕುತ್ತ ಅಂಗಿಯ ತೋಳಿನೊಳಗೆ ತಲೆ ತೂರಿಸಿ ಕಂಕುಳ ಕಡೆಗೆ ಹೊರಟ. ವಾಲ್ಮೈಯ ಮುಖ ಸುಣ್ಣ ಬಳಿದಂತಾಯಿತು. ಆದರೂ ಕಾಲು ಕೀಳಲಿಲ್ಲ.

"ಹೆದರಿಕೆ ಆಗ್ತಿದೆಯಾ ಅಜ್ಜಿ?"

"ಉಚ್ಚೆ ಬರೋ ಅಷ್ಟು ಆಗ್ತಿದೆ. ಹೆದರಿಕೆ ಇದ್ರೂ ಮಾಡ್ತಾ ಇದೀನಲ್ಲ. ಈಗ ನಿಂದು ಹೇಳು."

ಬ್ರೈಡಿಯ ಕಣ್ಣಿಂದ ನೀರು ದಳದಳನೆ ಇಳಿಯಿತು. "ಅಲ್ಲಿ ನಂಗೆ ಯಾರೂ ಗೊತ್ತಿಲ್ಲ," ಎಂದಳು.

"ಇವನಿಗೂ ನನ್ ಕಂಕುಳು ಗೊತ್ತಿರ್ಲಿಲ್ಲ. ನೋಡು, ಎಷ್ಟು ಬೇಗ ದಾರಿ ಮಾಡ್ಕೊಂಡ. ಹೋಗು ಕಣೇ ಪುಟ್ಟ. ಮೊದ್ಲು ಇವನನ್ನ ಈಚೆ ಎಳಿ, ಆಮೇಲೆ ಹೋಗು."

ಬ್ರೈಡಿ ಹೋದಳು. ವಾಲ್ಮೈ ಪರವಾನಗಿ ಮಾಡಿಸಿಕೊಂಡಳು, ಇಲಿ ಕರಗಿಸುವುದು ಕಲಿತಳು, ಕೈಗೆ ಒಲೆಯ ಕೈಗವಸು ಹಾಕಿಕೊಂಡು ಪೆಟ್ಟಿಗೆ ತೊಳೆಯುವುದನ್ನೂ ಕಲಿತಳು. ಹಾವುರಾಣಿಯ ಜೊತೆ ದಿನವೂ ಜಗಳವಾಡಿದಳು. ಎರಡೂ ನಾಲಿಗೆಗಳು ಸಮಸಮವಾಗಿದ್ದವು. ಆದರೆ ಹೊಸಿಲಿನ ಕರಾರನ್ನು ಮಾತ್ರ ಬಿಡಲಿಲ್ಲ. ಜಗಲಿ ಅವರದು, ಮನೆ ತನ್ನದು.

ಚಳಿ ಶುರುವಾದ ಮೇಲೆ ಒಂದು ಮಧ್ಯಾಹ್ನ ಫೋನು ಬಂತು. ಬ್ರೈಡಿಯ ದನಿ ಮೂಗಿನಲ್ಲಿತ್ತು.

"ಅಜ್ಜಿ, ನನ್ ಕೈಲಿ ಆಗ್ತಿಲ್ಲ. ಇಲ್ಲಿ ಎಲ್ಲಾರ್ಗೂ ಎಲ್ಲಾ ಗೊತ್ತು, ನಂಗೇನೂ ಗೊತ್ತಿಲ್ಲ. ಶನಿವಾರದ ಬಸ್ಸಿಗೆ ಬಂದ್ಬಿಡ್ತೀನಿ."

ವಾಲ್ಮೈಯ ಬಾಯಿಯ ತುದಿಗೆ ‘ಬಾ’ ಎಂಬ ಮಾತು ಬಂದಿತ್ತು. ಆ ಮನೆ ಎಷ್ಟು ಖಾಲಿಯಾಗಿತ್ತೆಂದರೆ ಆಕೆ ಈಗೀಗ ರೇಡಿಯೋದ ಕುರಿ ದರವನ್ನೂ ಕೂತು ಕೇಳುತ್ತಿದ್ದಳು. ‘ಬಾ’ ಎಂಬುದನ್ನೂ ಆಕೆ ಚೀಟಿಯ ಹಾಗೆ ನುಂಗಿದಳು.

"ಬಂದು ಮಲಗೋದೆಲ್ಲಿ?"

"ನನ್ ರೂಮಲ್ಲಿ."

"ನಿನ್ ರೂಮ್ ಎಲ್ಲಿದೆ? ಜಗಲೀಲಿ ಚಳಿ ಅಂತ ಮೇಯರ್‌ಗೆ ಕೊಟ್ಟಿದೀನಿ. ನಿನ್ ಮೇಜಿನ ಮೇಲೆ ಇನ್ನೊಬ್ಬಳು ವಾಲ್ಮೈ ಇದಾಳೆ."

"ಸುಳ್ಳು. ನೀನು ಹೊಸಿಲು ದಾಟಿಸಲ್ಲ."

"ಬೇಕಾದ್ರೆ ರಜಕ್ಕೆ ಬಂದು ನೋಡು. ರಜಕ್ಕೆ ಅಂದೆ, ಶನಿವಾರಕ್ಕಲ್ಲ."

ಹುಡುಗಿ ಅಳುತ್ತಲೇ ನಕ್ಕಳು. ಆಮೇಲೆ ಮೇಯರ್ ಸರಿಯಾಗಿ ತಿನ್ನುತ್ತಿದ್ದಾನಾ, ಬಲ್ಬು ಬದಲಾಯಿಸಿದಿಯಾ, ಸೋಮವಾರ ನನಗೊಂದು ಪರೀಕ್ಷೆ ಇದೆ, ಹೀಗೆ ಒಂದೊಂದಾಗಿ ಮಾತಾಡಿ ಫೋನಿಟ್ಟಳು.

ಈಗ ವಾಲ್ಮೈಗೆ ಹೇಳಿದ್ದನ್ನು ಮಾಡದೆ ವಿಧಿಯಿರಲಿಲ್ಲ. ಹಾವುರಾಣಿಯ ಪೆಟ್ಟಿಗೆ ಹಗುರ, ಅದನ್ನು ಎತ್ತಿಕೊಂಡು ಹೋಗಿ ಮೇಜಿನ ಮೇಲಿಟ್ಟಳು. ಮೇಯರನ ಗಾಜಿನ ಪೆಟ್ಟಿಗೆಯನ್ನು ಹಳೆಯ ಕಂಬಳಿಯ ಮೇಲೆ ಕೂರಿಸಿ ಜಗಲಿಯುದ್ದಕ್ಕೂ ಎಳೆದುಕೊಂಡು ಬಂದಳು. ಅದು ಬಟ್ಟೆ ಒಗೆಯುವ ಕೋಣೆಯ ಹೊಸಿಲಿಗೆ ಬಂದು ಸಿಕ್ಕಿಕೊಂಡಿತು. ವಾಲ್ಮೈ ಪಕ್ಕದಲ್ಲಿ ಒರಗಿಸಿದ್ದ ಸಲಿಕೆ ತೆಗೆದುಕೊಂಡು ಪೆಟ್ಟಿಗೆಯ ಅಡಿಗೆ ಕೊಟ್ಟು, ಮೀಟಿ, ಹೊಸಿಲು ದಾಟಿಸಿದಳು.

ಬ್ರೈಡಿಯ ಕೋಣೆಯಲ್ಲಿ ಪೆಟ್ಟಿಗೆಯನ್ನು ಗೋಡೆಗೆ ಸೇರಿಸಿ, ಬಲ್ಬು ಹಾಕಿ, ಮಂಚದ ಮೇಲೆ ಕೂತು ಏದುಸಿರು ಬಿಟ್ಟಳು. ಕಿಟಕಿಯಾಚೆ ಯಾರೂ ಇಲ್ಲವೆಂದು ಒಮ್ಮೆ ನೋಡಿಕೊಂಡಳು.

"ನಂಗೂ ಅವಳಿಲ್ದೆ ಆಗ್ತಿಲ್ಲ ಕಣಯ್ಯ," ಎಂದಳು.

ಆಮೇಲೆ ಬೆಳಗಿನಿಂದ ನಡೆದದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದಳು. ಮೇಯರ್ ಎಂದಿನಂತೆ ಅಲುಗಾಡದೆ ಬಿದ್ದಿದ್ದ.